‘ವಾತಾವರಣ’ ಹೊತ್ತಿರುವ ಅರ್ಥಗಳು: ಶಿಕ್ಷಕಿಯೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಕುಮಟಾ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ‘ಅಟ್ಮಾಸ್ಫಿಯರ್’ ಎಂಬ ಇಂಗ್ಲಿಷ್ ಪದಕ್ಕೆ ನಮ್ಮ ಪಠ್ಯದಲ್ಲಿ ‘ವಾಯುಗೋಳ’ ಎಂದಿದೆ. ಪತ್ರಿಕೆಗಳಲ್ಲಿ ‘ವಾತಾವರಣ’ ಎಂದು ಬರೆಯುತ್ತಾರೆ, ಕೆಲವು ಪುಸ್ತಕಗಳಲ್ಲಿ ‘ವಾಯುಮಂಡಲ’ ಎಂದು ಕಾಣುತ್ತದೆ. ಮೊನ್ನೆ ಪಾಠದ ನಡುವೆ ಒಬ್ಬ ಹುಡುಗಿ, “ಅಕ್ಕೋರೇ, ಮೋಡ ಕವಿದ ವಾತಾವರಣ ಇದೆ ಅಂತ ರೇಡಿಯೋದಲ್ಲಿ ಹೇಳಿದ್ರು. ವಾತಾವರಣ ಭೂಮಿಯ ಸುತ್ತ ಇದೆ ಅಂತ ನೀವು ಹೇಳಿದ್ರಿ. ಹಾಗಾದ್ರೆ ಇಡೀ ಭೂಮಿಗೇ ಮೋಡ ಕವಿದಿದ್ಯಾ?” ಎಂದು ಕೇಳಿದಳು. ಇನ್ನೊಬ್ಬ ಹುಡುಗ, ಇಂಗ್ಲಿಷ್ ಪಾಠದಲ್ಲಿ ಬಂದ ‘ಮನೆಯ ಅಟ್ಮಾಸ್ಫಿಯರ್ ಹೆವಿಯಾಗಿತ್ತು’ ಎಂಬಂಥ ವಾಕ್ಯವನ್ನು ‘ಮನೆಯ ವಾತಾವರಣ ಭಾರವಾಗಿತ್ತು’ ಎಂದು ಕನ್ನಡಿಸಿದ್ದ. ತಪ್ಪೆನ್ನಲು ಕಾರಣ ಹೊಳೆಯಲಿಲ್ಲ, ಸರಿಯೆನ್ನಲು ಮನಸ್ಸು ಒಪ್ಪಲಿಲ್ಲ. ಯಾವ ಅರ್ಥಕ್ಕೆ ಯಾವ ಪದವನ್ನು ಬಳಸಬೇಕು?

ಉತ್ತರ: ಆ ಹುಡುಗಿ ಕೇಳಿದ್ದು ಬಹಳ ಸರಿಯಾದ ಪ್ರಶ್ನೆ. ಒಂದೇ ಪದವನ್ನು ನಾವು ಬೆಳಗಿನ ಪಾಠದಲ್ಲಿ ಒಂದು ಅರ್ಥಕ್ಕೂ ಸಂಜೆಯ ವಾರ್ತೆಯಲ್ಲಿ ಮತ್ತೊಂದು ಅರ್ಥಕ್ಕೂ ಬಳಸಿ, ಎರಡರ ನಡುವಿನ ಅಂತರವನ್ನು ಗಮನಿಸದೆ ಮುಂದೆ ಸಾಗುತ್ತೇವೆ. ಮಕ್ಕಳು ಅಲ್ಲಿಯೇ ನಿಂತು ಕೇಳುತ್ತಾರೆ. ಶಿರಸಿಯಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ವರ್ಷಗಳಲ್ಲಿಯೂ, ಅನಂತರ ವಿಜ್ಞಾನ ಬರಹಗಳನ್ನು ಕನ್ನಡಕ್ಕೆ ತರುವ ಕೆಲಸದಲ್ಲಿಯೂ, ನನ್ನ ಲೇಖನಿಯನ್ನು ಮತ್ತೆ ಮತ್ತೆ ತಡೆದು ನಿಲ್ಲಿಸಿದ ಪದಗಳಲ್ಲಿ ಇದು ಒಂದು. ಇಷ್ಟು ವರ್ಷಗಳಲ್ಲಿ ನಾನು ಕಂಡುಕೊಂಡದ್ದೆಂದರೆ, ‘ವಾತಾವರಣ’ ಎಂಬ ಪದವನ್ನು ಒಂಟಿಯಾಗಿ ನಿಲ್ಲಿಸಿ ಅದರ ಅರ್ಥವೇನೆಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಅದರ ಹಿಂದೆ ಯಾವ ವಿಶೇಷಣ ಬಂದಿದೆ, ಮುಂದೆ ಯಾವ ಕ್ರಿಯಾಪದ ಬಂದಿದೆ ಎಂಬುದನ್ನು ನೋಡಿದರೆ ಅರ್ಥ ತಾನಾಗಿಯೇ ಗೊತ್ತಾಗುತ್ತದೆ. ವಾತಾವರಣಕ್ಕೆ ಹೊಗೆ ‘ಸೇರುತ್ತದೆ’ ಎಂದರೆ ಅದು ಗಾಳಿ. ವಾತಾವರಣ ‘ತಿಳಿಯಾಯಿತು’ ಎಂದರೆ ಅದು ಹೆಚ್ಚಾಗಿ ಜನರ ಮನಸ್ಸು. ‘ಮೋಡ ಕವಿದ’ ವಾತಾವರಣವೆಂದರೆ ನಮ್ಮ ಊರಿನ ತಲೆಯ ಮೇಲಿನ ಆಕಾಶ ಮತ್ತು ಈ ದಿನದ ಹವೆ, ಅಷ್ಟೇ. ನಿಮ್ಮ ವಿದ್ಯಾರ್ಥಿನಿಗೆ ಈ ಕೊನೆಯ ಮಾತನ್ನು ಮೊದಲು ಹೇಳಿ.

ಪದದ ಹುಟ್ಟನ್ನು ಸ್ವಲ್ಪ ನೋಡೋಣ. ಇಂಗ್ಲಿಷಿನ ‘ಅಟ್ಮಾಸ್ಫಿಯರ್’ ಗ್ರೀಕಿನ ‘ಆಟ್ಮೋಸ್’ ಮತ್ತು ‘ಸ್ಫೈರಾ’ ಎಂಬೆರಡು ಪದಗಳಿಂದ ಆದದ್ದು. ಮೊದಲನೆಯದೆಂದರೆ ಆವಿ, ಎರಡನೆಯದೆಂದರೆ ಗೋಳ. ಇದು 17ನೆಯ ಶತಮಾನದಲ್ಲಿ ವಿದ್ವಾಂಸರು ಕಟ್ಟಿದ ಪದ, ಪ್ರಾಚೀನ ಗ್ರೀಕರ ಬಾಯಲ್ಲಿ ಇದ್ದದ್ದಲ್ಲ. ಇಂಗ್ಲಿಷಿನಲ್ಲಿ ಅದು 1630ರ ದಶಕದಲ್ಲಿ ಮೊದಲು ಕಾಣಿಸಿಕೊಂಡದ್ದು ಚಂದ್ರನ ಪ್ರಸ್ತಾಪದಲ್ಲಿ, ಚಂದ್ರನನ್ನು ಸುತ್ತುವರಿದಿದೆ ಎಂದು ಆಗ ನಂಬಿದ್ದ ಆವಿಯ ಹೊದಿಕೆಯನ್ನು ಸೂಚಿಸಲು. ಚಂದ್ರನಿಗೆ ಹೇಳಿಕೊಳ್ಳುವಂಥ ವಾಯುಗೋಳವೇ ಇಲ್ಲವೆಂಬುದು ಆಮೇಲೆ ತಿಳಿಯಿತು, ಆದರೆ ಅಷ್ಟರಲ್ಲಿ ಪದ ಭೂಮಿಗೆ ಬಂದು ನೆಲೆಸಿತ್ತು. ಮನಸ್ಸಿನ ಅಥವಾ ಸನ್ನಿವೇಶದ ಭಾವ ಎಂಬ ಅರ್ಥ ಅದಕ್ಕೆ ಅಂಟಿಕೊಂಡದ್ದು ಇನ್ನೂ ತಡವಾಗಿ, 18ನೆಯ ಶತಮಾನದ ಕೊನೆಯ ಹೊತ್ತಿಗೆ. ಗಾಳಿಯ ಅರ್ಥ ಮೊದಲು, ಭಾವದ ಅರ್ಥ ಅನಂತರ ಎಂಬ ಈ ಕ್ರಮ ನೆನಪಿರಲಿ.

ನಮ್ಮ ‘ವಾತಾವರಣ’ವನ್ನು ಬಿಡಿಸಿದರೆ ವಾತ ಮತ್ತು ಆವರಣ ಸಿಗುತ್ತವೆ, ಅಂದರೆ ಗಾಳಿಯ ಹೊದಿಕೆ. ಸವರ್ಣದೀರ್ಘ ಸಂಧಿಗೆ ಇದನ್ನೇ ಉದಾಹರಣೆಯಾಗಿ ಕೊಡಬಹುದು. ‘ಶಾಲೆಯ ಆವರಣ’ ಎಂದು ಪ್ರತಿದಿನ ಹೇಳುವ ಮಕ್ಕಳಿಗೆ ಆವರಣ ಎಂದರೆ ಸುತ್ತುಗಟ್ಟು ಎಂಬುದು ಗೊತ್ತಿರುತ್ತದೆ; ಭೂಮಿಗೆ ಗಾಳಿಯ ಸುತ್ತುಗಟ್ಟು ಎಂದರೆ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಆದರೆ ಇದೇ ಸಂಸ್ಕೃತ ಪದಗಳನ್ನು ನೆರೆಹೊರೆಯ ಭಾಷೆಗಳು ಬೇರೆ ಬೇರೆಯಾಗಿ ಹಂಚಿಕೊಂಡಿವೆ. ತೆಲುಗಿನಲ್ಲಿ ‘ವಾತಾವರಣಂ’ ಎಂದರೆ ದಿನದ ಹವೆ. ಅಲ್ಲಿ ಹವಾಮಾನ ಇಲಾಖೆಯನ್ನೇ ವಾತಾವರಣ ಶಾಖೆ ಎನ್ನುತ್ತಾರೆ. ಹಿಂದಿಯವರು ಭೂಮಿಯ ಗಾಳಿಗೆ ‘ವಾಯುಮಂಡಲ’ವನ್ನು ಇಟ್ಟುಕೊಂಡು ‘ವಾತಾವರಣ’ವನ್ನು ಹೆಚ್ಚಾಗಿ ಸನ್ನಿವೇಶಕ್ಕೆ ಬಿಟ್ಟುಕೊಟ್ಟಿದ್ದಾರೆ. ಮಲಯಾಳದಲ್ಲಿ ಎರಡಕ್ಕೂ ‘ಅಂತರೀಕ್ಷಂ’ ಎನ್ನುತ್ತಾರೆ, ನಮಗೋ ಅಂತರಿಕ್ಷವೆಂದರೆ ರಾಕೆಟ್ಟು ಹೋಗುವ ಜಾಗ. ಕಾರವಾರದ ನೌಕಾನೆಲೆಯ ವಸತಿಗಳಲ್ಲಿ ಈ ಎಲ್ಲ ಭಾಷೆಗಳನ್ನಾಡುವ ಮನೆಗಳು ಅಕ್ಕಪಕ್ಕದಲ್ಲಿವೆ. ಅಲ್ಲಿಯ ಮಕ್ಕಳು ಒಂದೇ ಕನ್ನಡ ತರಗತಿಯಲ್ಲಿ ಕುಳಿತಾಗ ಈ ಗೊಂದಲ ಇನ್ನಷ್ಟು ಬೆಳೆಯುತ್ತದೆ, ಹಾಗಾಗಿ ಕಲಿಸುವವರು ಕನ್ನಡದ ಹಂಚಿಕೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು.

ಮೊದಲನೆಯ ಅರ್ಥ ಭೂಮಿಯನ್ನೋ ಬೇರೊಂದು ಗ್ರಹವನ್ನೋ ಸುತ್ತುವರಿದ ಅನಿಲಗಳ ಹೊದಿಕೆ. ಒಣಗಾಳಿಯಲ್ಲಿ ಸುಮಾರು ಶೇ 78 ಸಾರಜನಕ, ಶೇ 21 ಆಮ್ಲಜನಕ, ಶೇ 1ಕ್ಕಿಂತ ತುಸು ಕಡಿಮೆ ಆರ್ಗಾನ್, ಶೇ 0.04ರಷ್ಟು ಇಂಗಾಲದ ಡೈಆಕ್ಸೈಡ್ ಇವೆ ಎಂಬುದನ್ನು ನೀವು ಕಲಿಸಿಯೇ ಇರುತ್ತೀರಿ. ಇಲ್ಲಿ ‘ಒಣ’ ಎಂಬ ಮಾತನ್ನು ಒತ್ತಿ ಹೇಳಿ. ಕರಾವಳಿಯಲ್ಲಿ ಸೆಕೆ ಏರಿದ ದಿನ ನೀರಾವಿಯೊಂದೇ ಗಾಳಿಯ ಶೇ 3ರ ಆಸುಪಾಸಿಗೆ ಬರಬಲ್ಲದು. ಈ ಹೊದಿಕೆಯ ಒಟ್ಟು ತೂಕ 5,000 ಲಕ್ಷ ಕೋಟಿ ಟನ್ನುಗಳಿಗಿಂತ ಹೆಚ್ಚು; ಅದರಲ್ಲಿ ಅರ್ಧ ಭಾಗ ನೆಲದಿಂದ ಐದೂವರೆ ಕಿಲೋಮೀಟರಿನ ಒಳಗೇ ಇದೆ. ಪದರಗಳಿಗೆ ನಿಮ್ಮ ಪಠ್ಯ ಕೊಡುವ ಪರಿವರ್ತನಾ ಮಂಡಲ, ಸಮೋಷ್ಣ ಮಂಡಲ, ಮಧ್ಯಂತರ ಮಂಡಲ, ಉಷ್ಣತಾ ಮಂಡಲ, ಬಾಹ್ಯ ಮಂಡಲ ಎಂಬ ಹೆಸರುಗಳು ಚೆನ್ನಾಗಿವೆ. ಒಟ್ಟಿಗೆ ‘ಗೋಳ’, ಅದರೊಳಗಿನ ಪದರಕ್ಕೆ ‘ಮಂಡಲ’ ಎಂಬ ವ್ಯವಸ್ಥೆ ಇದರಲ್ಲಿದೆ, ಶಿಲಾಗೋಳ, ಜಲಗೋಳ, ಜೀವಗೋಳಗಳ ಸಾಲಿಗೂ ಹೊಂದುತ್ತದೆ. ಆದ್ದರಿಂದ ಭೂಗೋಳದ ಪಾಠದಲ್ಲಿ ‘ವಾಯುಗೋಳ’ವನ್ನೇ ಬಳಸಿ, ‘ವಾಯುಮಂಡಲ’ವನ್ನು ಇಡೀ ಹೊದಿಕೆಗೆ ಬಳಸಬೇಡಿ ಎಂಬುದು ನನ್ನ ಸಲಹೆ. ‘ವಾತಾವರಣ’ ತಪ್ಪಲ್ಲ, ಆದರೆ ಅದು ಈಗ ಹೊತ್ತಿರುವ ಹೊರೆ ಹೆಚ್ಚು.

ಎರಡನೆಯ ಅರ್ಥವನ್ನು ಪತ್ರಿಕೆ ಓದುವವರು ಅಷ್ಟಾಗಿ ಕಾಣರು, ಆದರೆ ನನಗೆ ಅತ್ಯಂತ ಪ್ರಿಯವಾದದ್ದು ಅದೇ: ಒತ್ತಡದ ಅಳತೆಯ ಒಂದು ಮಾನವಾಗಿ ‘ಅಟ್ಮಾಸ್ಫಿಯರ್’. 1643ರಲ್ಲಿ ಇಟಲಿಯ ತೊರಿಚೆಲ್ಲಿ ಪಾದರಸ ತುಂಬಿದ ಗಾಜಿನ ಕೊಳವೆಯನ್ನು ಪಾದರಸದ ತೊಟ್ಟಿಯಲ್ಲಿ ತಲೆಕೆಳಗು ಮಾಡಿ, ಹೊರಗಿನ ಗಾಳಿಯ ತೂಕ ಸುಮಾರು 760 ಮಿಲಿಮೀಟರ್ ಎತ್ತರದ ಪಾದರಸವನ್ನು ಎತ್ತಿ ಹಿಡಿಯುತ್ತದೆಂದು ತೋರಿಸಿದ ಮೇಲೆ, ಸಮುದ್ರ ಮಟ್ಟದಲ್ಲಿ ಗಾಳಿ ಹೇರುವ ಆ ಒತ್ತಡವೇ ಒಂದು ಅಳತೆಗೋಲಾಯಿತು. 1954ರಲ್ಲಿ ಅಂತರರಾಷ್ಟ್ರೀಯ ಒಪ್ಪಂದದಂತೆ ಒಂದು ಅಟ್ಮಾಸ್ಫಿಯರ್ ಎಂದರೆ 1,01,325 ಪಾಸ್ಕಲ್ ಎಂದು ಗೊತ್ತುಪಡಿಸಲಾಯಿತು. ಹವಾಮಾನದವರು ಇದನ್ನೇ 1013.25 ಹೆಕ್ಟೊಪಾಸ್ಕಲ್ ಎನ್ನುತ್ತಾರೆ. ಮಕ್ಕಳಿಗೆ ತಿಳಿಯುವಂತೆ ಹೇಳುವುದಾದರೆ, ಒಂದು ಚದರ ಸೆಂಟಿಮೀಟರಿನ ಮೇಲೆ ಒಂದು ಕಿಲೋಗ್ರಾಮಿಗಿಂತ ತುಸು ಹೆಚ್ಚು ಭಾರ.

ಈ ಅರ್ಥದಲ್ಲಿ ಬಂದಾಗ ಪದವನ್ನು ಕನ್ನಡಿಸಬಾರದು ಎಂಬುದನ್ನು ನಾನು ತಪ್ಪು ಮಾಡಿ ಕಲಿತೆ. ಬಹಳ ವರ್ಷಗಳ ಹಿಂದೆ ನಾನು ಅನುವಾದಿಸಿದ ಲೇಖನವೊಂದರಲ್ಲಿ ‘ಮೂರು ವಾತಾವರಣಗಳ ಒತ್ತಡ’ ಎಂದು ಬರೆದಿದ್ದೆ. ಭಟ್ಕಳದ ಕಡೆಯ ಓದುಗರೊಬ್ಬರು ಕಾಗದ ಬರೆದು, ‘ಯಾವ ಮೂರು ವಾತಾವರಣ? ಭೂಮಿಗಿರುವುದು ಒಂದೇ ಅಲ್ಲವೇ?’ ಎಂದು ಕೇಳಿದರು. ಅವರ ಮಾತು ನ್ಯಾಯವಾಗಿತ್ತು. ಮೀಟರ್, ಲೀಟರ್, ವೋಲ್ಟ್‌ಗಳನ್ನು ಹಾಗೆಯೇ ಇಟ್ಟುಕೊಂಡ ನಾವು ಇದೊಂದನ್ನು ಅನುವಾದಿಸಿದರೆ ಅಳತೆ ಹೋಗಿ ಒಗಟು ಉಳಿಯುತ್ತದೆ. ಅಂದಿನಿಂದ ನಾನು ‘ಮೂರು ಅಟ್ಮಾಸ್ಫಿಯರ್ ಒತ್ತಡ’ ಎಂದೇ ಬರೆಯುತ್ತಿದ್ದೇನೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಈ ಅಳತೆಯನ್ನು ಮೈಯಿಂದಲೇ ಅರಿಯಲು ಎರಡು ದಾರಿಗಳಿವೆ, ಒಂದು ಕೆಳಕ್ಕೆ, ಒಂದು ಮೇಲಕ್ಕೆ. ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ನೀರಿಗಿಳಿಯುವ ಮುಳುಗುಗಾರರಿಗೆ ಅವರ ತರಬೇತುದಾರರು ಮೊದಲು ಕಲಿಸುವ ಲೆಕ್ಕ ಇದು: ಕಡಲಿನಲ್ಲಿ ಪ್ರತಿ 10 ಮೀಟರ್ ಇಳಿದಂತೆ ಸುಮಾರು ಒಂದು ಅಟ್ಮಾಸ್ಫಿಯರ್ ಒತ್ತಡ ಹೆಚ್ಚುತ್ತದೆ. ನೀರಿನ ಮೇಲೆ ಒಂದು, 10 ಮೀಟರಿನಲ್ಲಿ ಎರಡು, 20 ಮೀಟರಿನಲ್ಲಿ ಮೂರು. ಮೇಲೆ ಊದಿ ಕಟ್ಟಿದ ಬಲೂನನ್ನು ಕೆಳಗೊಯ್ದರೆ 10 ಮೀಟರಿನಲ್ಲಿ ಅದರ ಗಾತ್ರ ಅರ್ಧವಾಗುತ್ತದೆ, 20ರಲ್ಲಿ ಮೂರನೆಯ ಒಂದು ಭಾಗವಾಗುತ್ತದೆ. ಆಳದಲ್ಲಿ ಸಿಲಿಂಡರಿನ ಗಾಳಿಯನ್ನು ಎಳೆದುಕೊಂಡವರು ಉಸಿರು ಬಿಗಿಹಿಡಿದು ಮೇಲೇರಬಾರದೆಂಬ ಕಟ್ಟುನಿಟ್ಟಿನ ನಿಯಮಕ್ಕೆ ಕಾರಣವೂ ಇದೇ. ಎದೆಯೊಳಗಿನ ಗಾಳಿ ಹಿಗ್ಗಿ ಶ್ವಾಸಕೋಶವನ್ನು ಹರಿಯಬಲ್ಲದು.

ಇನ್ನೊಂದು ದಾರಿ ನೀವು ಬಲ್ಲದ್ದೇ. ಕುಮಟೆಯಿಂದ ಶಿರಸಿಗೆ ದೇವಿಮನೆ ಘಟ್ಟ ಹತ್ತುವಾಗ ಕಿವಿ ಕಟ್ಟುತ್ತದೆ, ಎಂಜಲು ನುಂಗಿದರೆ ಪಟ್ಟನೆ ಬಿಡುತ್ತದೆ. ಕುಮಟೆಯ ಅಂಗಡಿಯಲ್ಲಿ ಮೆತ್ತಗಿದ್ದ ಚಿಪ್ಸಿನ ಪೊಟ್ಟಣ ಘಟ್ಟದ ಮೇಲೆ ಬಂದಾಗ ತಲೆದಿಂಬಿನಂತೆ ಬಿಗಿದುಕೊಂಡಿರುತ್ತದೆ. ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಬಂದಾಗ ಒಂದು ಪೊಟ್ಟಣವನ್ನು ಒಡೆಯದೆ ಇಟ್ಟುಕೊಂಡು, ಹತ್ತುವ ಮೊದಲೂ ಹತ್ತಿದ ಮೇಲೂ ಬೆರಳಿನಿಂದ ಒತ್ತಿ ನೋಡಲು ಹೇಳಿ. ಶಿರಸಿ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ 0.93 ಅಟ್ಮಾಸ್ಫಿಯರಿನಷ್ಟು, ನೀರು ಕುದಿಯುವುದು 100 ಡಿಗ್ರಿಯ ಬದಲು ಸುಮಾರು 98 ಡಿಗ್ರಿಯಲ್ಲಿ. ಸೈಕಲ್ ಅಂಗಡಿಯಲ್ಲಿ ನಾವು ‘ಹವಾ ಹೊಡೆಸುವ’ ಟೈರಿನ ಲೆಕ್ಕವೂ ಈ ಬಗೆಯದೇ, ಆದರೆ ಅಲ್ಲಿಯ ಮಾಪಕ ಹೊರಗಿನ ಒಂದು ಅಟ್ಮಾಸ್ಫಿಯರನ್ನು ಬಿಟ್ಟು ಅದಕ್ಕಿಂತ ಎಷ್ಟು ಹೆಚ್ಚಿದೆ ಎಂಬುದನ್ನು ಮಾತ್ರ ತೋರಿಸುತ್ತದೆ. ಮಾಪಕ ಸೊನ್ನೆ ತೋರಿಸುವ ಟೈರಿನೊಳಗೂ ಒಂದು ಅಟ್ಮಾಸ್ಫಿಯರ್ ಗಾಳಿ ಇದ್ದೇ ಇರುತ್ತದೆ.

ಇಲ್ಲಿಯೇ ಸೇರಿಸಬೇಕಾದ ಮಾತು ‘ವಾಯುಭಾರ ಕುಸಿತ’. ಅರಬ್ಬೀ ಸಮುದ್ರದಲ್ಲಿ ವಾಯುಭಾರ ಕುಸಿತ ಉಂಟಾಗಿದೆ, ಮೀನುಗಾರರು ಕಡಲಿಗಿಳಿಯಬಾರದು ಎಂಬ ಎಚ್ಚರಿಕೆಯನ್ನು ನಮ್ಮ ಬಂದರುಗಳಲ್ಲಿ ಕೇಳದವರಿಲ್ಲ. ಕುಸಿತವೆಂದರೆ ಎಷ್ಟು? ಮಾಮೂಲಿ ಕುಸಿತದಲ್ಲಿ ಸುತ್ತಲಿನ ಒತ್ತಡಕ್ಕಿಂತ ನಡುವಿನ ಒತ್ತಡ ಬೆರಳೆಣಿಕೆಯಷ್ಟು ಹೆಕ್ಟೊಪಾಸ್ಕಲ್ ಕಡಿಮೆ ಇರುತ್ತದೆ. ಕುಮಟೆಯಿಂದ ಶಿರಸಿಗೆ ಬಸ್ಸಿನಲ್ಲಿ ಬಂದರೆ 70 ಹೆಕ್ಟೊಪಾಸ್ಕಲ್ ಕಡಿಮೆಯಾಗುತ್ತದೆ, ಆದರೆ ಶಿರಸಿಯಲ್ಲಿ ಅದಕ್ಕಾಗಿ ಬಿರುಗಾಳಿ ಏಳುವುದಿಲ್ಲ. ಗಾಳಿಯನ್ನು ಓಡಿಸುವುದು ಒಂದೇ ಮಟ್ಟದ ಎರಡು ಜಾಗಗಳ ನಡುವಿನ ಒತ್ತಡದ ವ್ಯತ್ಯಾಸ. ಎತ್ತರಕ್ಕೆ ಹೋದಂತೆ ಆಗುವ ಇಳಿಕೆಯನ್ನು ಗಾಳಿಯ ತೂಕವೇ ಸರಿದೂಗಿಸಿ ಹಿಡಿದಿರುತ್ತದೆ. ಅದಕ್ಕಾಗಿಯೇ ಹವಾಮಾನ ಕೇಂದ್ರಗಳು ತಾವು ಅಳೆದ ಒತ್ತಡವನ್ನು ಸಮುದ್ರ ಮಟ್ಟದ ಲೆಕ್ಕಕ್ಕೆ ತಂದು, ಆಮೇಲೆ ಒಂದನ್ನೊಂದು ಹೋಲಿಸುತ್ತವೆ. ‘ವಾಯುಭಾರ’ ಬಹಳ ಒಳ್ಳೆಯ ಪದ. ಗಾಳಿಗೆ ತೂಕವಿದೆ ಎಂಬ ಇಡೀ ಪಾಠ ಅದರಲ್ಲಿ ಅಡಗಿದೆ.

ಮೂರನೆಯ ಅರ್ಥವನ್ನು ಬೇಗ ಮುಗಿಸುತ್ತೇನೆ. ಮುಚ್ಚಿದ ಜಾಗದೊಳಗೆ ನಾವಾಗಿಯೇ ತುಂಬಿದ ಅನಿಲಕ್ಕೂ ಇಂಗ್ಲಿಷಿನಲ್ಲಿ ಇದೇ ಪದ. ಆ ಚಿಪ್ಸಿನ ಪೊಟ್ಟಣದೊಳಗೆ ಎಣ್ಣೆ ಕಮಟದಿರಲೆಂದು ತುಂಬುವ ಸಾರಜನಕ, ಬೆಸುಗೆಯ ಬಾಯಿಗೆ ಆಮ್ಲಜನಕ ತಾಗದಿರಲೆಂದು ಹರಿಸುವ ಆರ್ಗಾನ್ ಇಂಥವು. ಇಲ್ಲಿ ‘ಸಾರಜನಕದ ವಾತಾವರಣ’ ಎನ್ನುವುದಕ್ಕಿಂತ ‘ಸಾರಜನಕದ ಆವರಣದಲ್ಲಿ’ ಎಂದರೆ ಅಚ್ಚುಕಟ್ಟಾಗಿರುತ್ತದೆ.

ನಾಲ್ಕನೆಯದು ಒಂದು ಜಾಗದ ಗಾಳಿ. ಬ್ರಿಟಿಷರ ಕಾಲದ, 1860ರ ಭಾರತೀಯ ದಂಡ ಸಂಹಿತೆಯ 278ನೆಯ ಕಲಮಿನಲ್ಲಿ ಈ ಅರ್ಥ ಬಹಳ ಸ್ಪಷ್ಟವಾಗಿದೆ. ಒಂದು ಜಾಗದ ‘ಅಟ್ಮಾಸ್ಫಿಯರ್’ ಅನ್ನು ಬೇಕೆಂದೇ ಕೆಡಿಸಿ, ನೆರೆಯಲ್ಲಿ ವಾಸಿಸುವ, ವ್ಯಾಪಾರ ಮಾಡುವ ಅಥವಾ ದಾರಿಯಲ್ಲಿ ಹೋಗುವ ಜನರ ಆರೋಗ್ಯಕ್ಕೆ ಹಾನಿಕರವಾಗುವಂತೆ ಮಾಡಿದವರಿಗೆ 500 ರೂಪಾಯಿಯವರೆಗೆ ದಂಡ ಎಂದು ಅದು ಹೇಳುತ್ತಿತ್ತು. ಈಗ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದೇ ಅಪರಾಧ 280ನೆಯ ಕಲಮಿನಲ್ಲಿದೆ, ದಂಡ 1,000 ರೂಪಾಯಿಯವರೆಗೆ. ಕಾನೂನು ಹೇಳುವುದು ನೆರೆಮನೆಯವರ ಮೂಗಿಗೆ ತಾಗುವ ಗಾಳಿಯನ್ನು. ಇಡೀ ಭೂಮಿಯ ಹೊದಿಕೆಯನ್ನೂ ಅಲ್ಲ, ಊರಿನ ಸೌಹಾರ್ದವನ್ನೂ ಅಲ್ಲ. ಇದನ್ನು ‘ವಾತಾವರಣ ಕೆಡಿಸುವುದು’ ಎಂದು ಕನ್ನಡಿಸಿದರೆ ಇಂದಿನ ಓದುಗರು ಕೋಮುಗಲಭೆಯನ್ನು ನೆನೆಯುತ್ತಾರೆ, ಏಕೆಂದರೆ ಪತ್ರಿಕೆಗಳು ಆ ಮಾತನ್ನು ಆ ಅರ್ಥದಲ್ಲಿ ಅಷ್ಟೊಂದು ಬಳಸಿವೆ. ‘ಗಾಳಿ ಕೆಡಿಸುವುದು’ ಎಂದರೆ ಸಾಕು, ಯಾರಿಗೂ ಸಂಶಯ ಬಾರದು.

ಈಗ ದಿನದ ಹವೆ. ಅರಬ್ಬೀಯ ‘ಹವಾ’ ಪಾರ್ಸಿಯ ಮೂಲಕ ನಮಗೆ ಬಂದಿದೆ. ಅದಕ್ಕೆ ಸಂಸ್ಕೃತದ ‘ಮಾನ’ ಸೇರಿ ‘ಹವಾಮಾನ’. ಮರಾಠಿಯಲ್ಲಿಯೂ ಇದೇ ಪದವಿದೆ. 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ ನಮ್ಮ ಜಿಲ್ಲೆಯ ಬಾಯಿಗೆ ‘ಹವಾ’, ‘ಮಾಸ್ತರು’ಗಳಂಥ ಮಾತುಗಳು ಚೆನ್ನಾಗಿ ಹತ್ತಿವೆ. ಟೈರಿನ ಹವಾ, ಊರಿನ ಹವೆ ಒಗ್ಗದಿರುವುದು, ಚುನಾವಣೆಯಲ್ಲಿ ಒಬ್ಬರ ಹವಾ ಎದ್ದಿರುವುದು, ಇಷ್ಟಕ್ಕೂ ಆ ಎರಡಕ್ಷರ ಸಾಲುತ್ತದೆ. 1875ರಲ್ಲಿ ಸ್ಥಾಪನೆಯಾದ ಭಾರತೀಯ ಹವಾಮಾನ ಇಲಾಖೆಯ ವೀಕ್ಷಣಾಲಯಗಳು ಕಾರವಾರದಲ್ಲಿಯೂ ಹೊನ್ನಾವರದಲ್ಲಿಯೂ ಇವೆ. ಅಲ್ಲಿ ದಿನವೂ ಅಳೆಯುವ ಉಷ್ಣಾಂಶ, ಮಳೆ, ಗಾಳಿ, ತೇವಾಂಶಗಳ ಒಟ್ಟು ಚಿತ್ರವೇ ಹವಾಮಾನ. ಅದೇ ಅಳತೆಗಳನ್ನು 30 ವರ್ಷಗಳ ಕಾಲ ಕೂಡಿಟ್ಟು ತೆಗೆದ ಸರಾಸರಿ ಸ್ವಭಾವಕ್ಕೆ ಪಠ್ಯಪುಸ್ತಕಗಳು ‘ವಾಯುಗುಣ’ ಎನ್ನುತ್ತವೆ, ಮತ್ತು ಇದು ಉಳಿಸಿಕೊಳ್ಳಬೇಕಾದ ಭೇದ. ಪತ್ರಿಕೆಗಳು ‘ಹವಾಮಾನ ಬದಲಾವಣೆ’ ಎಂದು ಬರೆದು ಈ ಭೇದವನ್ನು ಅಳಿಸಿವೆ. ಹವಾಮಾನ ದಿನವೂ ಬದಲಾಗುತ್ತದೆ, ಅದರಲ್ಲಿ ಸುದ್ದಿಯೇನೂ ಇಲ್ಲ. ವಾಯುಗುಣ ಬದಲಾಗುತ್ತಿರುವುದು ಆತಂಕದ ಸಂಗತಿ. ಆ ಆತಂಕ ಪದದಲ್ಲಿಯೇ ಮಸುಕಾಗಬಾರದೆಂದು ನಾನು ಇಂದಿಗೂ ‘ವಾಯುಗುಣ ಬದಲಾವಣೆ’ ಎಂದೇ ಬರೆಯುತ್ತೇನೆ. ರೇಡಿಯೋದವರ ‘ಮೋಡ ಕವಿದ ವಾತಾವರಣ’ಕ್ಕೆ ಮರಳಿ ಬಂದರೆ, ನಮ್ಮ ಅಜ್ಜಿಯಂದಿರು ‘ಮೋಡ ಹಾಕಿದೆ’ ಎಂಬೆರಡು ಪದಗಳಲ್ಲಿ ಹೇಳುತ್ತಿದ್ದುದು ಇದನ್ನೇ. ಆ ವಾಕ್ಯಕ್ಕೆ ‘ವಾತಾವರಣ’ ಸೇರಿದ್ದರಿಂದ ಹೊಸದಾಗಿ ಸಿಕ್ಕಿದ್ದು ನಿಮ್ಮ ವಿದ್ಯಾರ್ಥಿನಿಯ ಗೊಂದಲ ಮಾತ್ರ.

ಕೊನೆಗೆ ಉಳಿದದ್ದು ಭಾವದ ಅರ್ಥ, ನಿಮ್ಮ ಎರಡನೆಯ ಪ್ರಶ್ನೆ. ಇಲ್ಲಿ ನಾನು ತುಸು ನಿಂತು ಹೇಳಬೇಕಾಗಿದೆ, ಏಕೆಂದರೆ ಈಚಿನ ಬರಹದಲ್ಲಿ ‘ವಾತಾವರಣ’ ಅತಿಯಾಗಿ ಕಾಣುವುದು ಈ ಅರ್ಥದಲ್ಲಿಯೇ. ಬಿಗುವಿನ ವಾತಾವರಣ, ಹಬ್ಬದ ವಾತಾವರಣ, ಶೋಕದ ವಾತಾವರಣ, ಭಯದ ವಾತಾವರಣ, ಕಲಿಕೆಗೆ ಪೂರಕ ವಾತಾವರಣ. ರಚನೆಯನ್ನು ನೋಡಿ: ಭಾವವನ್ನು ಹೇಳುವ ಒಂದು ನಾಮಪದ, ಷಷ್ಠಿ ವಿಭಕ್ತಿ, ಅದರ ಮೇಲೆ ವಾತಾವರಣ. ಒಂದು ಅಚ್ಚು ಸಿಕ್ಕಿದ ಮೇಲೆ ಎಲ್ಲವನ್ನೂ ಅದರಲ್ಲಿಯೇ ಒತ್ತಿ ತೆಗೆಯುತ್ತಿದ್ದೇವೆ. ಇದನ್ನು ನಾನು ತಪ್ಪೆನ್ನುವುದಿಲ್ಲ. ‘ಮನೆಯಲ್ಲಿ ಓದಿನ ವಾತಾವರಣವಿತ್ತು’ ಎಂಬ ಮಾತನ್ನು ಇನ್ನು ಹೇಗೆ ಹೇಳಿದರೂ ಅಷ್ಟು ಚಿಕ್ಕದಾಗಿ ಹೇಳಲಾಗದು. ಬಹುಕಾಲದಿಂದ ಇದ್ದು ಮೈಗೂಡಿದ ಪರಿಸ್ಥಿತಿಗೆ ಈ ಪದ ಹೊಂದುತ್ತದೆ. ಆದರೆ ಆ ಕ್ಷಣದಲ್ಲಿ ಒಂದು ಜಾಗ ಹೇಗೆ ಅನ್ನಿಸಿತು ಎಂಬುದನ್ನು ಹೇಳಲು ಕನ್ನಡ ಸಾಮಾನ್ಯವಾಗಿ ನಾಮಪದವನ್ನು ಹುಡುಕುವುದಿಲ್ಲ, ಕ್ರಿಯಾಪದದಿಂದ ಕೆಲಸ ಮುಗಿಸುತ್ತದೆ. ಮಗಳನ್ನು ಕಳಿಸಿಕೊಟ್ಟ ಮರುದಿನ ಮದುವೆಮನೆ ‘ಬಿಕೋ ಎನ್ನುತ್ತದೆ’. ಜನವಿಲ್ಲದ ಪೇಟೆ ‘ಭಣಗುಡುತ್ತದೆ’. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯಲ್ಲಿ ಶಿರಸಿಯ ಬೀದಿ ‘ಗಿಜಿಗುಡುತ್ತದೆ’, ಊರಿಗೆ ಊರೇ ‘ಕಳೆಗಟ್ಟುತ್ತದೆ’. ಸಭೆ ‘ಕಾವೇರುತ್ತದೆ’, ಮಾತು ‘ಬಿಗಡಾಯಿಸುತ್ತದೆ’, ಮನಸ್ಸು ‘ತಿಳಿಯಾಗುತ್ತದೆ’. ಈ ಒಂದೊಂದು ಕ್ರಿಯಾಪದದಲ್ಲಿಯೂ ಭಾವ ಮತ್ತು ಅದರ ಕಾರಣ ಒಟ್ಟಿಗೇ ಬಂದುಬಿಡುತ್ತವೆ. ‘ಮನೆಯಲ್ಲಿ ಖಾಲಿತನದ ವಾತಾವರಣವಿತ್ತು’ ಎಂದು ಬರೆದವರು ಬಿಕೋ ಎಂಬ ಸದ್ದಿಲ್ಲದ ಸದ್ದನ್ನು ಕಳೆದುಕೊಂಡಿದ್ದಾರೆ.

ಕಥೆ ಕಾವ್ಯಗಳ ವಿಮರ್ಶೆಯಲ್ಲಿ ಬಳಸುವ ‘ವಾತಾವರಣ ನಿರ್ಮಾಣ’ ಎಂಬ ಮಾತು ಇಂಗ್ಲಿಷಿನಿಂದ ಬಂದದ್ದಾದರೂ ಅದರ ಹಿಂದಿನ ವಿಚಾರ ನಮಗೆ ಹೊಸದೇನೂ ಅಲ್ಲ. ನಮ್ಮ ಹಳೆಯ ಕಾವ್ಯಮೀಮಾಂಸೆಯ ರಸಸಿದ್ಧಾಂತದಲ್ಲಿ, ಯಾರನ್ನು ಕುರಿತು ಭಾವ ಹುಟ್ಟುತ್ತದೆಯೋ ಆ ವ್ಯಕ್ತಿಯನ್ನು ಆಲಂಬನ ವಿಭಾವವೆಂದೂ, ಆ ಭಾವವನ್ನು ಹೊತ್ತಿಸಿ ಬೆಳೆಸುವ ಬೆಳದಿಂಗಳು, ತಂಗಾಳಿ, ಉದ್ಯಾನ, ಕೋಗಿಲೆಯ ದನಿಗಳನ್ನು ಉದ್ದೀಪನ ವಿಭಾವವೆಂದೂ ಕರೆದಿದ್ದಾರೆ. ಉದ್ದೀಪನವೆಂದರೆ ಹೊತ್ತಿಸುವುದು. ‘ಅಟ್ಮಾಸ್ಫಿಯರ್’ ಸುತ್ತುವರಿದು ನಿಲ್ಲುತ್ತದೆ, ಉದ್ದೀಪನ ಒಳಗೆ ಕಿಡಿ ತಾಗಿಸುತ್ತದೆ. ಎರಡನೆಯದು ಕಾವ್ಯದ ಅನುಭವಕ್ಕೆ ಹೆಚ್ಚು ಹತ್ತಿರವೆಂದು ನನಗೆ ತೋರುತ್ತದೆ. ತೆಂಕಣ ಗಾಳಿ ಸೋಂಕಿದರೂ ಸಾಕು, ಬನವಾಸಿ ನೆನಪಾಗುತ್ತದೆಂದು 10ನೆಯ ಶತಮಾನದ ಪಂಪ ಹೇಳಿದ್ದು ಈ ಬಗೆಯ ಗಾಳಿಯನ್ನೇ. ಆ ಬನವಾಸಿ ನಮ್ಮ ಶಿರಸಿ ತಾಲ್ಲೂಕಿನಲ್ಲಿಯೇ ಇದೆ, ಆ ಗಾಳಿ ಇಂದಿಗೂ ಬೀಸುತ್ತದೆ. ಯಕ್ಷಗಾನದಲ್ಲಿಯೂ ಇದನ್ನು ಕಾಣಬಹುದು. ನಮ್ಮ ಬಡಗುತಿಟ್ಟಿನ ಆಟದಲ್ಲಿ ಯುದ್ಧಭೂಮಿಯನ್ನು ತೋರಿಸುವ ಪರದೆಯಾಗಲಿ ಬಣ್ಣದ ಬೆಳಕಾಗಲಿ ಇರುವುದಿಲ್ಲ. ಅದುವರೆಗೆ ಮದ್ದಳೆ ಮಾತ್ರ ನುಡಿಯುತ್ತಿದ್ದ ಕಡೆ ಚಂಡೆಗೆ ಪೆಟ್ಟು ಬಿದ್ದ ಕೂಡಲೇ ನಿದ್ದೆಗಣ್ಣಿನಲ್ಲಿದ್ದ ಮಕ್ಕಳೂ ಎದ್ದು ಕೂರುತ್ತಾರೆ. ‘ರಂಗಸ್ಥಳದಲ್ಲಿ ಯುದ್ಧದ ವಾತಾವರಣ ನಿರ್ಮಾಣವಾಯಿತು’ ಎಂದು ಯಾವ ಪ್ರೇಕ್ಷಕರೂ ಹೇಳುವುದನ್ನು ನಾನು ಕೇಳಿಲ್ಲ. ‘ಆಟ ಕಳೆಗಟ್ಟಿತು’ ಎನ್ನುತ್ತಾರೆ.

ಇನ್ನು ಆ ಹುಡುಗನ ವಾಕ್ಯ. ‘ಮನೆಯ ವಾತಾವರಣ ಭಾರವಾಗಿತ್ತು’ ಎಂಬುದು ನಿಮ್ಮ ಕಿವಿಗೆ ಒಗ್ಗದಿರಲು ಕಾರಣವಿದೆ. ಕನ್ನಡದಲ್ಲಿ ದುಃಖದಿಂದ ಭಾರವಾಗುವುದು ಮನಸ್ಸು, ಎದೆ, ಹೆಜ್ಜೆ. ಕೆಲವೊಮ್ಮೆ ದನಿಯೂ ಭಾರವಾಗುತ್ತದೆ. ಇವೆಲ್ಲ ಮನುಷ್ಯನಿಗೆ ಸೇರಿದವು. ಗಾಳಿಗೆ ಭಾರವನ್ನು ಹೇಳಿದ ಕೂಡಲೇ ನಮ್ಮ ಭಾಷೆ ‘ವಾಯುಭಾರ’ದ ಕಡೆಗೆ, ಪಾದರಸದ ಕೊಳವೆಯ ಕಡೆಗೆ ಹೊರಳುತ್ತದೆ. ಹುಡುಗ ಪದಗಳನ್ನು ಒಂದೊಂದಾಗಿ ಸರಿಯಾಗಿಯೇ ದಾಟಿಸಿದ್ದಾನೆ, ಆದ್ದರಿಂದ ಅಂಕ ಕಳೆಯಬೇಡಿ. ಅವನನ್ನು ಹತ್ತಿರ ಕರೆದು, ಆ ಮನೆಯಲ್ಲಿ ಏನಾಗಿತ್ತು ಎಂದು ಕೇಳಿ. ಸಾವಾಗಿದ್ದರೆ ‘ಮನೆಗೆ ಸೂತಕ ಕವಿದಂತಿತ್ತು’ ಎನ್ನಬಹುದು. ಜಗಳವಾಗಿದ್ದರೆ ‘ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ’ ಎನ್ನಬಹುದು. ದೊಡ್ಡ ಮಳೆಗೆ ದೋಣಿ ಹೊರಟು ಇನ್ನೂ ತಿರುಗಿ ಬಾರದ ರಾತ್ರಿಯಾಗಿದ್ದರೆ, ‘ಮನೆಯಲ್ಲಿ ಯಾರಿಗೂ ಮಾತು ಬೇಡವಾಗಿತ್ತು’ ಎಂದಷ್ಟೇ ಬರೆಯಲು ಹೇಳಿ.